ಸೋಮವಾರ ಅವಳು ಬರುವುದಿಲ್ಲ

ಹೆಡ್‌ಮಿಸ್ ಅವರೇ,

ನಿಮ್ಮ ಶಾಲೆಯ ಆಯಾ ಬಂದು ಹೇಳಿಹೋದರು. ಸೋಮವಾರ ನನ್ನ ಮಗಳನ್ನು ಕಳಿಸಬೇಕಂತೆ. ಪ್ರಾರ್ಥನೆಯ ಹೊತ್ತಿಗೆ ವೇದಿಕೆಗೆ ಕರೆದು, ಇಡೀ ಶಾಲೆ ಚಪ್ಪಾಳೆ ತಟ್ಟಿ ಬರಮಾಡಿಕೊಳ್ಳುತ್ತದಂತೆ. ಕೇಳಿ ಮೈ ಉರಿದುಹೋಯಿತು. ನಿಮ್ಮೆದುರು ನಿಂತರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಉತ್ತರ ಹೇಳಲು ತುಸು ಹೊತ್ತು ತೆಗೆದುಕೊಳ್ಳುತ್ತಾಳೆ. ಅಷ್ಟಕ್ಕೇ ‘ಟ್ಯೂಬ್‌ಲೈಟ್’ ಎಂದು ಹೆಸರಿಟ್ಟರು. “ಏ ಟ್ಯೂಬ್‌ಲೈಟ್, ಹತ್ಕೊಂಡ್ಯೇನೇ?” ಎಂದು ಅವಳ ಕ್ಲಾಸಿನ ಹುಡುಗಿಯೊಬ್ಬಳು ತಲೆಗೆ ಮೊಟಕುತ್ತಿದ್ದಳು, ಹಿಂದಿನ ಬೆಂಚು ಬಿದ್ದು ಬಿದ್ದು ನಗುತ್ತಿತ್ತು. ನಾನು ದೂರು ತಂದಾಗ ನೀವು, “ಮಕ್ಕಳಲ್ವೇನಮ್ಮಾ, ರಾಜಿ ಮಾಡ್ಸಿದ್ರಾಯ್ತು” ಎಂದಿರಿ. ಜಗಳವಾಡಿದವರಿಗೆ ರಾಜಿ ಮಾಡಿಸುತ್ತಾರೆ. ನನ್ನ ಮಗಳು ಯಾರೊಡನೆ ಜಗಳವಾಡಿದ್ದಳು?

ಇಬ್ಬರನ್ನೂ ವೇದಿಕೆ ಹತ್ತಿಸಿ, ಕೈ ಕುಲುಕಿಸಿ, ಇಬ್ಬರಿಂದಲೂ ‘ಸಾರಿ’ ಹೇಳಿಸಿದಿರಿ. ಮೊಟಕಿದವಳೂ ಸಾರಿ, ಮೊಟಕಿಸಿಕೊಂಡವಳೂ ಸಾರಿ! ಶಾಲೆಯೆಲ್ಲ ಚಪ್ಪಾಳೆ ಹೊಡೆಯಿತು. ಮರುದಿನದಿಂದ ಅದೇ ಅವರಿಗೆ ಹೊಸ ಆಟವಾಯಿತು. ಅವಳು ಊಟದ ಡಬ್ಬಿ ತೆರೆದರೆ ಚಪ್ಪಾಳೆ. ಉತ್ತರ ಹೇಳಲು ಎದ್ದರೆ ಚಪ್ಪಾಳೆ. ಶೌಚಾಲಯದಿಂದ ಹೊರಬಂದರೂ ಚಪ್ಪಾಳೆ. ಕ್ಲಾಸ್ ಟೀಚರ್‌ಗೆ ಹೇಳಿದರೆ, “ಚಪ್ಪಾಳೆ ತಟ್ಟಿದ್ರೆ ಯಾರಿಗಮ್ಮಾ ನೋವಾಗುತ್ತೆ?” ಎಂದರು.

ಬನ್ನಿ, ನೋವಾದವಳನ್ನು ತೋರಿಸುತ್ತೇನೆ. ನಾನು ಬಟ್ಟೆ ಹೊಲಿಯುವವಳು. ಮೊದಲೆಲ್ಲ ಅವಳು ಮಿಷನ್ ಪಕ್ಕ ಕುಳಿತು ಅದರ ಸದ್ದನ್ನೂ ಮೀರಿ ಹರಟುತ್ತಿದ್ದಳು. “ಸ್ವಲ್ಪ ಸುಮ್ನಿರೇ ಮಾರಾಯ್ತಿ, ಹೊಲಿಗೆ ತಪ್ಪುತ್ತೆ” ಎಂದು ಗದರುತ್ತಿದ್ದೆ. ಈಗ ಶಾಲೆಗೂ ಹೋಗದೆ ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ತಲೆ ಬಾಚಲು ಬಿಡುವುದಿಲ್ಲ. ಮೊನ್ನೆ ತಟ್ಟೆ ಸರಿಸಿ, “ನಾನಿಲ್ದಿದ್ರೆ ನಿಂಗೂ ಹಗುರ ಆಗುತ್ತಲ್ವಾ ಅಮ್ಮಾ?” ಎಂದಳು. ಹದಿನಾಲ್ಕರ ಹುಡುಗಿ ಕೇಳುವ ಪ್ರಶ್ನೆಯೇ ಇದು? ಎದೆಗವಚಿಕೊಂಡು ನೇರ ಡಾಕ್ಟರ ಬಳಿ ಕರೆದೊಯ್ದೆ. ಇದು ಖಿನ್ನತೆ, ಕಾಯಿಲೆ, ವಾಸಿಯಾಗುತ್ತದೆ, ಆದರೆ ಒಬ್ಬಳನ್ನೇ ಬಿಡಬೇಡಿ ಎಂದರು. ಅದನ್ನು ತಿಳಿಸಿದರೆ ನೀವೋ ಫೋನಿನಲ್ಲಿ, “ಈ ವಯಸ್ಸಲ್ಲಿ ಇದೆಲ್ಲ ಇದ್ದಿದ್ದೇ” ಎಂದು ಇಟ್ಟುಬಿಟ್ಟಿರಿ.

ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ನಿಮಗೆ ಗಲಾಟೆ ಮುಗಿದರೆ ಸಾಕಾಗಿತ್ತು. ಅದು ಮುಗಿಯಿತೋ ಇಲ್ಲವೋ ಎಂದು ಒಂದು ದಿನವೂ ತಿರುಗಿ ನೋಡಲಿಲ್ಲ.

ನನ್ನ ಮಗಳು ಸೋಮವಾರ ಬರುವುದಿಲ್ಲ. ವೇದಿಕೆ ಹತ್ತಲೇಬೇಕಿದ್ದರೆ ನೀವೊಬ್ಬರೇ ಹತ್ತಿ. ಮೊಟಕಿಸಿಕೊಂಡ ಹುಡುಗಿ ಯಾವ ತಪ್ಪೂ ಮಾಡಿರಲಿಲ್ಲ, ಅವಳಿಂದ ಸಾರಿ ಹೇಳಿಸಿದ್ದು ನನ್ನ ತಪ್ಪು ಎಂದು ಎಲ್ಲರೆದುರು ಹೇಳಿ. ಹಾಗೆ ಹೇಳಿದಿರೆಂದು ತಿಳಿದರೆ, ಅವಳ ಪಕ್ಕ ಕುಳಿತು ನಿಧಾನವಾಗಿ ತಿಳಿಸುತ್ತೇನೆ. ಅವಳು ಉತ್ತರ ಕೊಡುವವರೆಗೆ ಕಾಯುತ್ತೇನೆ. ಎಷ್ಟು ಹೊತ್ತಾದರೂ ಸರಿ.

ನಿಮ್ಮ ಮನೆಯ ಮಕ್ಕಳು ನಗುನಗುತ್ತಾ ಬೆಳೆಯಲಿ. ಸಿಟ್ಟು ಇನ್ನೂ ಆರಿಲ್ಲ, ಆದರೂ ಇದನ್ನು ಮನಸಾರೆ ಬರೆದಿದ್ದೇನೆ.

ಇಂತಿ,
ತಪ್ಪಿಲ್ಲದೆ ಸಾರಿ ಹೇಳಿದವಳ ಅಮ್ಮ