ನಮ್ಮ ಗುಂಡ

ಮಾರ್ಚ್ ೯, ಭಾನುವಾರ

ವಿಡಿಯೊ ಗೇಮಿನಲ್ಲಿ ಬೇಕೆಂದೇ ಸೋತು ಬಂದಿದ್ದೇನೆ, ನಿದ್ದೆ ಹತ್ತುತ್ತಿಲ್ಲ. ಈ ಗೇಮ್ ಸರಣಿಯಲ್ಲಿ ಅಮ್ಮ ತೀರಿಹೋದ ಮೇಲೆ ಬಂದ ಮೊದಲ ಭಾಗವಿದು. ಗುಹೆ ಹೊಕ್ಕರೆ ಎದುರಿಗೆ ಅದೇ ಮೆಳ್ಳಗಣ್ಣಿನ ರಾಕ್ಷಸ, ಕೈಯಲ್ಲಿ ಅದೇ ಮುರುಕು ಕೊಡಲಿ. ನಮ್ಮ ಗುಂಡ!

ಹೆಸರಿಟ್ಟವಳು ಅಮ್ಮ. ನಾನೂ ಅಕ್ಕನೂ ಆಡುವಾಗ ಹಿಂದೆ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಪ್ರತಿ ಭಾಗಕ್ಕೂ ನಾಯಕ ಬದಲಾಗುತ್ತಿದ್ದ, ಗುಂಡ ಮಾತ್ರ ತಪ್ಪದೆ ಬರುತ್ತಿದ್ದ. ಹಾಗಾಗಿ ಅವನೇ ನಾಯಕ ಎಂದುಕೊಂಡಿದ್ದಳು. ನಾವು ಅವನನ್ನು ಕೊಂದು ಕುಣಿದರೆ, "ಪಾಪ, ಇವತ್ತೂ ಸೋತ್ನಾ? ನಿಮಗಿಬ್ರಿಗೂ ಸರಿಯಾಗಿ ಆಡ್ಸೋಕೇ ಬರಲ್ಲ" ಅನ್ನುತ್ತಿದ್ದಳು. ನಾವು ತಿದ್ದಲೇ ಇಲ್ಲ. ನಗು ತಡೆಯುವುದೇ ಸಾಕಾಗುತ್ತಿತ್ತು.

ಇವತ್ತು ಕತ್ತಿ ಇಳಿಸಿ ಸುಮ್ಮನೆ ನಿಂತುಬಿಟ್ಟೆ. ಅಕ್ಕನಿಗೆ ಫೋನ್ ಮಾಡಿ, "ಗುಂಡ ಗೆದ್ದ" ಅಂದೆ.

ಅವಳು ಥೇಟ್ ಅಮ್ಮನ ಧಾಟಿಯಲ್ಲಿ, "ಅಂತೂ ಸರಿಯಾಗಿ ಆಡ್ಸಿದೆ ಬಿಡು" ಅಂದಳು.