ಅಕ್ಟೋಬರಿನಲ್ಲಿ ಬರುವವರಿಗೆ

ಅಕ್ಟೋಬರ್ ೨೦, ಸೋಮವಾರ

ಅರ್ಮಾಂಡ್,

ನಿನ್ನ ಕಾರ್ಡು ತಲುಪಿತು. ಫೆಬ್ರವರಿಯಿಂದ ಪತ್ತೆಯಿಲ್ಲದ ಗಂಡ ಬರೆದದ್ದು ನಾಲ್ಕು ಸಾಲು, ಅದರಲ್ಲಿ ಮೂರು ನಿನ್ನ ಅಕ್ಕ ಕ್ಲೋಡೆಟ್‌ಳ ವಿಷಯ. ಹ್ಯಾಲೋವೀನ್ ಸಂಭ್ರಮ ನೋಡಲು ಈ ಶನಿವಾರ ಸೇಲಂಗೆ ಬರುತ್ತಾಳಂತೆ. ಹೇಗೆ ಬರಬೇಕು, ಏನು ತಿನ್ನಬೇಕು, ಬರೆದು ತಿಳಿಸಬೇಕಂತೆ. ಅಲ್ಲ ಮಾರಾಯ, ಇಷ್ಟು ವರ್ಷ ನನ್ನ ಜೊತೆ ಲಾಟೀನು ಹಿಡಿದು ದೆವ್ವದ ಕತೆ ಹೇಳುತ್ತ ಇದೇ ಬೀದಿಗಳಲ್ಲಿ ಜನರನ್ನು ನಡೆಸಿದವನು ನೀನು, ನಿನಗೆ ಗೊತ್ತಿಲ್ಲವೇ? ಅವಳೊಬ್ಬಳೇ ಬರುತ್ತಾಳೋ, ಮೇನ್ ರಾಜ್ಯದಿಂದ ನೀನೂ ಬರುತ್ತೀಯೋ, ಅದನ್ನು ಮಾತ್ರ ಬರೆದಿಲ್ಲ. ನನಗೆ ಬೇಕಾದದ್ದು ಅದೊಂದೇ.

ಇರಲಿ, ಕೇಳಿದ್ದೀಯ, ಹೇಳುತ್ತೇನೆ. ಕಾರು ಬೇಡವೇ ಬೇಡ. "ಬೇಗ ಹೊರಟ್ರೆ ಜಾಗ ಸಿಗುತ್ತೆ ಬಿಡು" ಅನ್ನುತ್ತಾಳೆ, ಅವಳ ಬಾಯಿ ನನಗೆ ಗೊತ್ತಿಲ್ಲವೇ. ಎಲ್ಲರೂ ಹಾಗಂದುಕೊಂಡೇ ಬೇಗ ಹೊರಡುತ್ತಾರೆ, ಆಮೇಲೆ ಸೇತುವೆಯ ಮೇಲೆ ಸಾಲುಗಟ್ಟಿ ನಿಂತು ನಮ್ಮ ಊರನ್ನು ಬೈಯುತ್ತಾರೆ. ಬಾಸ್ಟನ್‌ನಿಂದ ರೈಲು ಹತ್ತಲಿ. ದೋಣಿಯೂ ಇದೆ, ಆದರೆ ಅವಳಿಗೆ ಕೊಳದ ನೀರು ಕಂಡರೂ ವಾಂತಿ. ನೋಡಬೇಕಾದ ಮನೆಗಳಿಗೆಲ್ಲ ಈಗಲೇ ಟಿಕೆಟ್ ಮಾಡಿಸಿಡಲಿ, ಬಂದಮೇಲೆ ನೋಡೋಣ ಅಂದರೆ ಬಾಗಿಲಷ್ಟೇ ನೋಡಿಕೊಂಡು ಹೋಗಬೇಕಾಗುತ್ತದೆ. ಊಟ ಹನ್ನೊಂದಕ್ಕೇ ಮುಗಿಸಲಿ. ಶೌಚಾಲಯ ಕಂಡಲ್ಲೆಲ್ಲ ಹೋಗಿಬರಲಿ, ಅವಸರವಾದಾಗ ಹುಡುಕಿದರೆ ಸಾಲಿನಲ್ಲೇ ಪ್ರಾಣ ಹೋಗುತ್ತದೆ. ಮಾಟಗಾತಿಯ ವೇಷ ಹಾಕುವ ಆಸೆಯಿದ್ದರೆ ನಿಲುವಂಗಿ ಮೊಣಕಾಲಿಗಿಂತ ಕೆಳಗಿಳಿಯದಿರಲಿ, ಆ ನೂಕುನುಗ್ಗಲಿನಲ್ಲಿ ಯಾರಾದರೂ ತುಳಿದೇ ತುಳಿಯುತ್ತಾರೆ. ಒಳಗೊಂದು ಉಣ್ಣೆ ಅಂಗಿ ಇರಲಿ. ಮಧ್ಯಾಹ್ನ ಬೆವರುತ್ತದೆ, ಸಂಜೆ ಕಡಲ ಗಾಳಿ ಮೂಳೆಯೊಳಗೆ ಹೊಗುತ್ತದೆ.

ಹಳೆಯ ಸ್ಮಶಾನದ ಪಕ್ಕದ ಗೋಡೆಯಿಂದ ಚಾಚಿದ ಕಲ್ಲುಗಳಿವೆಯಲ್ಲ, ಅವುಗಳ ಮೇಲೆ ಕೂತು ತಿನ್ನಬಾರದೆಂದು ಹೇಳು. ಮೊನ್ನೆ ರಕ್ತಪಿಶಾಚಿಯ ವೇಷದವನೊಬ್ಬ ಅಲ್ಲಿ ಕಾಲು ಚಾಚಿಕೊಂಡು ಹುರಿದ ಚಿಪ್ಪುಮೀನು ಮೆಲ್ಲುತ್ತಿದ್ದ. ಎದ್ದೇಳಯ್ಯಾ, ಇದು ಹಿಂದೆ ಮಾಟಗಾತಿಯರೆಂದು ನೇಣಿಗೇರಿಸಿದವರ ಹೆಸರಿನ ಕಲ್ಲು ಅಂದೆ. "ಅಯ್ಯೋ! ಇದು ನಿಜವಾದ್ದಾ?" ಅಂದ. "ನಿಜವಾದ್ದೇ ಕಣಯ್ಯಾ, ನಿನ್ನ ಹಲ್ಲು ಮಾತ್ರ ಸುಳ್ಳು" ಅಂದೆ. ಪಾಪ, ತುಟಿ ಒರೆಸಿಕೊಂಡು ಎದ್ದ. ಅವನನ್ನು ಬೈದು ಏನು ಪ್ರಯೋಜನ? ಈ ತಿಂಗಳು ಈ ಊರಿನಲ್ಲಿ ಯಾವುದು ನಿಜವೆಂದು ಯಾರಿಗೂ ತಿಳಿಯುವುದಿಲ್ಲ.

ಅದಕ್ಕೇ ಇನ್ನೊಂದು ಮಾತು ಕ್ಲೋಡೆಟ್‌ಗೆ ಒತ್ತಿ ಹೇಳು. ಬೀದಿಯಲ್ಲಿ ಯಾರಾದರೂ ಬಿದ್ದಿದ್ದರೆ ಫೋಟೊ ತೆಗೆಯುವ ಮೊದಲು ಮುಟ್ಟಿ ನೋಡಲಿ.

ಹೇಳಬಾರದು ಅಂದುಕೊಂಡಿದ್ದೆ. ಕಳೆದ ಶನಿವಾರ ನಾನು ಬಿದ್ದೆ. ನಾಟಕದ ಬೀಳುವಿಕೆಯಲ್ಲ. ನಮ್ಮ ದೆವ್ವದ ನಡಿಗೆ ಇನ್ನೂ ಅರ್ಧವಷ್ಟೇ ಮುಗಿದಿತ್ತು. ನನ್ನ ಪಾತ್ರದ ವಿಧವೆ ವಿಷ ಕುಡಿದು ಬೀಳುವುದು ಕೊನೆಯಲ್ಲಿ, ಬಂದರಿನ ಗೋಡೆಯ ಹತ್ತಿರ, ನಿನಗೆ ಗೊತ್ತಲ್ಲ. ನಾನು ಬಿದ್ದದ್ದು ಕರಿದ ಹಿಟ್ಟಿನ ತಿಂಡಿ ಮಾರುವ ಗಾಡಿಯ ಮುಂದೆ. ಎದೆ ಹಿಂಡಿದಂತಾಯಿತು, ಕಾಲು ನನ್ನದಲ್ಲ ಅನ್ನಿಸಿತು, ಅಷ್ಟೇ. ಜನ ಚಪ್ಪಾಳೆ ತಟ್ಟಿದರು ಅರ್ಮಾಂಡ್. ನಿನ್ನ ಜಾಗಕ್ಕೆ ಬಂದ ಡ್ವೇನ್, ಹಳೆಯ ವ್ಯಾಯಾಮದ ಮೇಷ್ಟ್ರು, ಒಳ್ಳೆಯವನೇ, ನಾನು ಆಟವನ್ನು ಬೇಗ ಮುಗಿಸಿದೆ ಅಂದುಕೊಂಡು ತನ್ನ ವೇಷದ ಪೊಲೀಸ್ ಟೊಪ್ಪಿ ತೆಗೆದು ಜನರಿಗೆ ಬಾಗಿದನಂತೆ. ಒಬ್ಬ ತಾಯಿ ಮಗುವನ್ನು ನನ್ನ ಪಕ್ಕ ನಿಲ್ಲಿಸಿ "ಇನ್ನೂ ಹತ್ರ ಹೋಗು ಚಿನ್ನ, ಅಜ್ಜಿ ಕಚ್ಚಲ್ಲ" ಅಂದಳು. ಅಜ್ಜಿಯಂತೆ! ಎಲ್ಲಾ ಕೇಳಿಸುತ್ತಿತ್ತು. ಕಣ್ಣು ತೆರೆಯಲು ಮಾತ್ರ ಆಗಲಿಲ್ಲ.

ನೀನಿದ್ದಾಗ ನನ್ನನ್ನು ಎತ್ತುವ ನೆಪದಲ್ಲಿ ಕಿವಿಯಲ್ಲಿ ಪಿಸುಗುಡುತ್ತಿದ್ದೆ, "ಏಳೇ ತಾಯಿ, ನನ್ನ ಸೊಂಟ ಹೋಯ್ತು" ಅಂತ. ನಾನು ನಗು ತಡೆದುಕೊಂಡು ಹೆಣವಾಗಿರುತ್ತಿದ್ದೆ. ಅಲ್ಲಿ ಬಿದ್ದುಕೊಂಡು ಆ ದನಿಗೆ ಕಾದೆ. ನನಗೆ ತುಂಬಾ ಭಯವಾಯಿತು. ಹೀಗೇ ಸತ್ತರೆ ಇವರು ಇನ್ನೊಮ್ಮೆ ಮಾಡಿ ತೋರಿಸು ಅನ್ನುತ್ತಾರಲ್ಲ ಅನ್ನಿಸಿತು.

ಕೊನೆಗೆ ಗಾಡಿಯವಳು, ಆ ದಪ್ಪ ಮಾರಿಸೋಲ್, ಜಾಲರಿ ಸೌಟು ಹಿಡಿದೇ ಓಡಿಬಂದಳು. "ಇವಳು ದಿನಾ ಗೋಡೆ ಹತ್ರ ಬೀಳೋಳು, ಇಲ್ಯಾಕೆ ಬಿದ್ಲು? ಸರೀರೋ ಆಚೆ, ದಂಡಪಿಂಡಗಳಾ!" ಎಂದು ಕೂಗಾಡಿದಳು. ಅದಕ್ಕೂ ಚಪ್ಪಾಳೆ ಬಿತ್ತು. ಆ ಜನಜಂಗುಳಿಯಲ್ಲಿ ಫೋನು ಸಿಗುವುದಿಲ್ಲ, ಆಂಬುಲೆನ್ಸಿಗೆ ದಾರಿಯಿಲ್ಲ. ಡ್ವೇನ್ ದೊಡ್ಡ ರಸ್ತೆಯವರೆಗೆ ನನ್ನನ್ನು ಹೊತ್ತುಕೊಂಡೇ ನಡೆದ. ನೀನು ಎತ್ತುತ್ತಿದ್ದ ಕಾಲಕ್ಕಿಂತ ಈಗ ಹಗುರಾಗಿದ್ದೇನೆ. ನೀನೇನೂ ಗಾಬರಿಯಾಗಬೇಡ.

ನೀನು ಹೊರಟ ದಿನ ಹೇಳಿದ ಮಾತು ನೆನಪಾಗುತ್ತಿದೆ. "ನಿಂಗೆ ನಾನು ಬೇಕೋ, ಈ ಸುಡುಗಾಡು ಅಕ್ಟೋಬರ್ ಬೇಕೋ ಹೇಳ್ಬಿಡು" ಅಂದೆ. ನಾನು ಲಾಟೀನಿನ ಗಾಜು ಒರೆಸುತ್ತ ಕೂತಿದ್ದೆ. ಎರಡೂ ಬೇಕಿತ್ತು ಕಣೋ. ಈಗಲೂ ಎರಡೂ ಬೇಕು. ಒಂದೇ ಸಿಗುವುದಾದರೆ ಯಾವುದೆಂದು ಈಗ ಕೇಳಿ ನೋಡು.

ಎಲ್ಲಿಗೆ ಹೊರಟು ಎಲ್ಲಿಗೆ ಬಂದೆ. ಕ್ಲೋಡೆಟ್‌ಗೆ ಹೇಳು, ವಾಪಸು ಹೋಗುವಾಗ ಕೊನೆಯ ರೈಲಿಗೆ ಕಾಯಬಾರದು. ಎಲ್ಲರೂ ಅದಕ್ಕೇ ಕಾಯುತ್ತಾರೆ, ಅರ್ಧ ಜನ ನಿಲ್ದಾಣದಲ್ಲೇ ಉಳಿಯುತ್ತಾರೆ. ಕತ್ತಲಾಗುತ್ತಿದ್ದಂತೆ ಹೊರಟುಬಿಡಲಿ. ಸಾಧ್ಯವಾದರೆ ಶನಿವಾರ ಬಿಟ್ಟು ವಾರದ ನಡುವೆ ಬರಲಿ. ನೀನೂ ಬರುವುದಾದರೆ ಶನಿವಾರದವರೆಗೆ ಕಾಯಬೇಡ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಡೆಲ್ಫೀನ್

ತಾ.ಕ.: ನೀನು ಬರುವುದಾದರೆ ಸೇಲಂ ರೈಲು ಹತ್ತಬೇಡ, ಬಾಸ್ಟನ್‌ನಲ್ಲೇ ಇಳಿ. ನದಿ ಪಕ್ಕದ ದೊಡ್ಡಾಸ್ಪತ್ರೆ, ಐದನೆಯ ಮಹಡಿ, ಕಿಟಕಿ ಕಡೆಯ ಹಾಸಿಗೆ. ಶುಕ್ರವಾರ ಬೆಳಿಗ್ಗೆ ಎದೆ ತೆರೆಯುತ್ತಾರೆ. ನಿಮ್ಮವರು ಯಾರು ಬರ್ತಾರಮ್ಮ ಎಂದು ನರ್ಸ್ ಕೇಳಿದಳು. ನನ್ನ ಗಂಡ ಬರ್ತಾನೆ ಅಂದುಬಿಟ್ಟೆ. ನನ್ನನ್ನು ಸುಳ್ಳಿ ಮಾಡಬೇಡ.