ಥಾರ್ನ್‌ಗಿಲ್‌ನವರ ಕಡುಬು

ಥಾರ್ನ್‌ಗಿಲ್, ಭಾನುವಾರ

ಚಿಕ್ಕಮ್ಮಾ,

ನಿನ್ನೆ ಸೋತೆವು. ಥಾರ್ನ್‌ಗಿಲ್‌ನವರು ತಮ್ಮ ಮೈದಾನದಲ್ಲಿ ಮೂವತ್ತೊಂದು ವರ್ಷದಿಂದ ಯಾಕೆ ಸೋತಿಲ್ಲ ಅಂತ ಈಗ ಗೊತ್ತಾಯಿತು. ಟೀ ಹೊತ್ತಿಗೆ ಅವರನ್ನು ತೊಂಬತ್ತು ರನ್ನಿಗೇ ಕೆಡವಿದ್ದೆವು. "ಒಂದು ಬ್ರೆಡ್ಡು, ಒಂದು ಕಪ್ ಟೀ, ಅಷ್ಟೇ ಕಣ್ರೋ" ಅಂತ ನಮ್ಮ ಕ್ಯಾಪ್ಟನ್ ಸಗ್ಡನ್ ಗದರಿದ್ದ. ಅಷ್ಟರಲ್ಲಿ ಅವರ ಕ್ಲಬ್ಬಿಗೆ ಅಡುಗೆ ಮಾಡುವ ಮುದುಕಿ ಹೆಪ್‌ವರ್ತ್ ಬಕೆಟ್ಟಿನಷ್ಟು ದೊಡ್ಡ ಕಡುಬು ತಂದಿಟ್ಟಳು. ದನದ ಕೊಬ್ಬು, ಒಣದ್ರಾಕ್ಷಿ, ಮೇಲೆ ಬಿಸಿ ಕಸ್ಟರ್ಡ್. ನಾವು ಯಾರೂ ಮುಟ್ಟಲಿಲ್ಲ.

"ಬೇಡದಿದ್ರೆ ಬಿಡ್ರಪ್ಪ. ಬೆಳಿಗ್ಗೆ ಐದಕ್ಕೆ ಎದ್ದು ಬೇಯಿಸಿದ್ದು. ಹಂದಿಗೆ ಹಾಕ್ತೀನಿ" ಅಂತ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು. ಮೊದಲು ತಟ್ಟೆ ಒಡ್ಡಿದವನೇ ಸಗ್ಡನ್. ಅವರ ಹುಡುಗರು ಮಾತ್ರ ಬರೀ ಟೀ ಕುಡಿಯುತ್ತಾ ಕೂತಿದ್ದರು.

ಆಮೇಲೆ ನಮ್ಮಲ್ಲಿ ನಾಲ್ವರು ರನ್‌ಔಟ್. ನಾನಂತೂ ಪಿಚ್ಚಿನ ನಡುವೆಯೇ ನಿಂತುಬಿಟ್ಟೆ. "ಓಡೋ ವಿಲ್ಫ್, ಓಡೋ" ಅಂತ ಸಗ್ಡನ್ ಆ ತುದಿಯಿಂದ ಕೂಗಿದ. ಅವನೂ ಹೆಜ್ಜೆ ಕಿತ್ತಿಡಲಿಲ್ಲ.

ನನ್ನ ಹೊಟ್ಟೆ ಇನ್ನೂ ಕಲ್ಲಿನ ಹಾಗಿದೆ. ಇಲ್ಲಿನ ಹಳೇ ಸ್ಕೋರು ಪುಸ್ತಕ ನೋಡಿಕೊಂಡು ಗುರುವಾರ ಬರ್ತೀನಿ. ನನ್ನ ಮೇಜಿನ ಮೇಲಿರುವ ಲೀಗಿನ ಚರಿತ್ರೆಯಲ್ಲಿ, ಇವರ ಗೆಲುವಿಗೆ ಬೆಟ್ಟದ ಗಾಳಿಯೇ ಕಾರಣ ಅಂತ ಬರೆದಿದ್ದೀನಿ. ಬುಧವಾರ ಪ್ರೆಸ್ಸಿನವನು ಅದನ್ನು ಅಚ್ಚಿಗೆ ಒಯ್ಯಲು ಬರೋದರೊಳಗೆ ಆ ಸಾಲನ್ನು ಹೊಡೆದುಹಾಕು.

ಈಗ ಪಾಯಿಂಟಿನಲ್ಲಿ ಅವರೂ ನಾವೂ ಸಮ. ಲೀಗ್ ಯಾರದು ಅನ್ನೋದು ಬರುವ ಶನಿವಾರ ನಮ್ಮ ಮೈದಾನದಲ್ಲೇ ತೀರ್ಮಾನ. ಅವತ್ತು ಅವರ ಟೀಗೆ ನಿನ್ನ ಎಂದಿನ ಸೌತೆಕಾಯಿ ಸ್ಯಾಂಡ್‌ವಿಚ್ ಬೇಡ. ದೊಡ್ಡ ಪಾತ್ರೆ ಹುಡುಕಿಡು, ಅಳೋದನ್ನೂ ಸ್ವಲ್ಪ ಅಭ್ಯಾಸ ಮಾಡಿಕೋ.

ವಿಲ್ಫ್